ಹಿಂದಿನ ಸೀಟನ್ನು ಮುಂದಕ್ಕೆ ತಂದ ಕಾರು

(ಮೈಸೂರಿನಲ್ಲಿ ಗೆಳೆಯರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಹಿಗ್ಗಿದೆ.)

ಮೊದಲು ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂತು ರಾತ್ರಿಯಿಡೀ ಪ್ರಯಾಣ ಮಾಡಿದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ.

ಹೆಚ್ಚೂಕಮ್ಮಿ ಎಲ್ಲರೂ ಇದ್ದೀರಿ. ಹಾಗಾದರೆ ಇವತ್ತಿನ ಪಾಠ ಅರ್ಧ ನಿಮಗೆ ಆಗಲೇ ಆಗಿಹೋಗಿದೆ. ಹಂಪ್ ಬಂತು ಅಂದುಕೊಳ್ಳಿ. ಮಧ್ಯದಲ್ಲಿ ಕೂತವರು ನಿದ್ದೆಯಲ್ಲೇ ಒಮ್ಮೆ ಮಗ್ಗುಲು ಬದಲಿಸುತ್ತಾರೆ. ಕೊನೆ ಸೀಟಿನವರು ಮಾತ್ರ ಒಂದು ಗೇಣು ಮೇಲೆ ಹೋಗಿ, ಲಗೇಜ್ ಕಂಬಿಯನ್ನು ಹತ್ತಿರದಿಂದ ನೋಡಿ, ವಾಪಸ್ ಬಂದು ಕೂರುತ್ತಾರೆ. ಟಿಕೆಟ್ ದುಡ್ಡು ಇಬ್ಬರಿಗೂ ಒಂದೇ.

1934ರ ತನಕ ಅಮೆರಿಕದ ದುಬಾರಿ ಕಾರುಗಳಲ್ಲೂ ಹಿಂದೆ ಕೂತ ಯಜಮಾನರ ಪಾಡು ಸುಮಾರಾಗಿ ಇದೇ ಆಗಿತ್ತು. ಆ ವರ್ಷ ಒಂದು ಕಾರು ಬಂತು. ಕ್ರೈಸ್ಲರ್ ಏರ್‌ಫ್ಲೋ ಅಂತ ಹೆಸರು. ಬರೀ ನಾಲ್ಕು ವರ್ಷ ಬದುಕಿತು. 1937ಕ್ಕೆ ಮುಗಿಯಿತು. ಎಲ್ಲ ಸೇರಿ ಸುಮಾರು 55 ಸಾವಿರ ಕಾರು ಅಷ್ಟೇ. ಆ ದೇಶದ ದೊಡ್ಡ ಕಂಪನಿಗೆ ಅದು ಲೆಕ್ಕಕ್ಕೇ ಬಾರದ ಸಂಖ್ಯೆ. ಸೋತ ಕಾರುಗಳ ಪಟ್ಟಿ ಯಾರು ಮಾಡಿದರೂ ಇದರ ಹೆಸರು ಮೇಲೇ ಇರುತ್ತದೆ. "ಕಾಲಕ್ಕಿಂತ ಮುಂದಿದ್ದ ಕಾರು, ಪಾಪ, ಜನಕ್ಕೆ ಅರ್ಥವಾಗಲಿಲ್ಲ" ಅಂತ ಒಂದು ಮಾತು ಹೇಳಿ ಮುಗಿಸಿಬಿಡುತ್ತಾರೆ. ನನಗೆ ಆ ಮಾತು ಅಷ್ಟಾಗಿ ಒಪ್ಪಿಗೆ ಇಲ್ಲ. ಜನಕ್ಕೆ ಅರ್ಥವಾಗದ್ದು ಕಾರಲ್ಲ. ಕಂಪನಿ ಆ ಕಾರಿಗೆ ಇಟ್ಟ ಹೆಸರೇ ಜನರ ಕಣ್ಣನ್ನು ಬೇರೆ ಕಡೆಗೆ ತಿರುಗಿಸಿತು. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ವಾಲ್ಟರ್ ಕ್ರೈಸ್ಲರ್ ಬಗ್ಗೆ ಎರಡು ಮಾತು. ಈತ ಹುಟ್ಟಿದ್ದು 1875ರಲ್ಲಿ, ಕ್ಯಾನ್ಸಸ್ ರಾಜ್ಯದಲ್ಲಿ. ರೈಲ್ವೆ ವರ್ಕ್‌ಶಾಪಿನಲ್ಲಿ ಕೈ ಕಪ್ಪು ಮಾಡಿಕೊಂಡು ಮೇಲೆ ಬಂದ ಮನುಷ್ಯ. 1908ರಲ್ಲಿ ಷಿಕಾಗೋದ ಕಾರು ಪ್ರದರ್ಶನಕ್ಕೆ ಹೋದವನ ಕಣ್ಣು ಒಂದು ಲೋಕೋಮೊಬೈಲ್ ಕಾರಿನ ಮೇಲೆ ಬಿತ್ತು. ಬೆಲೆ ಐದು ಸಾವಿರ ಡಾಲರ್. ಇವನ ಹತ್ತಿರ ಇದ್ದದ್ದು ಏಳುನೂರು. ಮಿಕ್ಕಿದ್ದನ್ನು ಸಾಲ ಮಾಡಿ ತಂದ. ತಂದವನು ಓಡಿಸಿದನಾ? ಇಲ್ಲ. ಶೆಡ್ಡಿನಲ್ಲಿ ನಿಲ್ಲಿಸಿ ಪೂರ್ತಿ ಬಿಚ್ಚಿದ. ಜೋಡಿಸಿದ. ಮತ್ತೆ ಬಿಚ್ಚಿದ. ಡ್ರೈವಿಂಗ್ ಕಲಿತದ್ದು ಆಮೇಲೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

1925ರಲ್ಲಿ ಇವನದೇ ಹೆಸರಿನ ಕಂಪನಿ ಶುರುವಾಯಿತು. ಜೊತೆಗೆ ಮೂವರು ಇಂಜಿನಿಯರುಗಳು: ಫ್ರೆಡ್ ಝೀಡರ್, ಓವನ್ ಸ್ಕೆಲ್ಟನ್, ಕಾರ್ಲ್ ಬ್ರೀರ್. ಆ ಕಂಪನಿಯ ತ್ರಿಮೂರ್ತಿಗಳು ಅನ್ನಿ. ಉಳಿದ ಕಂಪನಿಗಳಲ್ಲಿ ಲೆಕ್ಕಪತ್ರದವರ ಮಾತು ನಡೆದರೆ ಇಲ್ಲಿ ಇಂಜಿನಿಯರ್‌ಗಳ ಮಾತು ನಡೆಯುತ್ತಿತ್ತು. ಒಳ್ಳೆಯದೇ. ಆದರೆ ಅದರ ಕಷ್ಟ ಏನು ಅಂತ ಮುಂದೆ ನೋಡುತ್ತೀರಿ.

ಕತೆ ಶುರುವಾಗುವುದು ಬ್ರೀರ್‌ನಿಂದ. 1927ರಲ್ಲಿ ಒಂದು ಸಂಜೆ ಆತ ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರಾನ್ ಊರಿನ ಕಡೆಗೆ ಕಾರಿನಲ್ಲಿ ಹೋಗುತ್ತಿದ್ದ. ದೂರದಲ್ಲಿ ಬಾತುಗಳ ಒಂದು ಹಿಂಡು ಹಾರಿ ಬರುತ್ತಿದೆ ಅನ್ನಿಸಿತು. ಹತ್ತಿರ ಬಂದ ಮೇಲೆ ನೋಡಿದರೆ ಬಾತುಗಳಲ್ಲ, ಸೇನೆಯ ವಿಮಾನಗಳು. ವಿಮಾನ ಗಾಳಿಯನ್ನು ಹೀಗೆ ಸೀಳಿಕೊಂಡು ಹೋಗುವಾಗ ನಮ್ಮ ಕಾರು ಮಾತ್ರ ಯಾಕೆ ಪೆಟ್ಟಿಗೆ ಹಾಗೆ ಗಾಳಿಗೆ ಎದೆ ಒಡ್ಡಿಕೊಂಡು ಹೋಗಬೇಕು ಅಂತ ಅವನ ತಲೆಯಲ್ಲಿ ಹುಳ ಬಿತ್ತು. ಆರ್ವಿಲ್ ರೈಟ್ ಗೊತ್ತಲ್ಲ, ಮೊದಲ ವಿಮಾನ ಹಾರಿಸಿದ ಅಣ್ಣತಮ್ಮಂದಿರಲ್ಲಿ ತಮ್ಮ. ಆತನ ಸಲಹೆಯನ್ನೂ ಕೇಳಿದರು. ಗಾಳಿ ಸುರಂಗ, ಅಂದರೆ ಒಳಗಿಟ್ಟ ವಸ್ತುವಿನ ಮೇಲೆ ಜೋರಾಗಿ ಗಾಳಿ ಬೀಸಿ ನೋಡುವ ಕೊಳವೆ, ಕಟ್ಟಿದರು. ಮರದ ಸಣ್ಣ ಮಾದರಿಗಳನ್ನು ಒಂದರ ಹಿಂದೊಂದು ಅದರೊಳಗೆ ಇಟ್ಟು ನೋಡಿದರು. 1930ರ ಹೊತ್ತಿಗೆ ಕಡಿಮೆ ಅಂದರೂ ಐವತ್ತು ಮಾದರಿ ಆಗಿದ್ದವು.

ಅಲ್ಲಿ ಒಂದು ತಮಾಷೆ ಗೊತ್ತಾಯಿತು. ಆಗಿನ ಕಾರುಗಳು ಮುಂದಕ್ಕಿಂತ ಹಿಂದಕ್ಕೆ ಹೋಗುವಾಗಲೇ ಗಾಳಿಗೆ ಸಲೀಸು! ಯೋಚನೆ ಮಾಡಿದರೆ ಸರಿಯೇ. ಮೀನು ನೋಡಿ. ತಲೆ ದಪ್ಪ, ಗುಂಡಗೆ. ಬಾಲ ಸಪೂರ. ಆಗಿನ ಕಾರು ಇದಕ್ಕೆ ಪೂರಾ ಉಲ್ಟಾ. ಮುಂದೆ ಕಿರಿದಾದ ಬಾನೆಟ್, ಅದರ ಹಿಂದೆ ಗೋಡೆ ಹಾಗೆ ನೆಟ್ಟಗೆ ನಿಂತ ಗಾಜು, ಆಮೇಲೆ ದಪ್ಪ ಮೈ. ಅಂದರೆ ಬಾಲ ಮುಂದೆ ಮಾಡಿಕೊಂಡು ಈಜುವ ಮೀನು. ಇದನ್ನು ಜನಕ್ಕೆ ತೋರಿಸುವುದಕ್ಕೆ ಕಂಪನಿಯವರು ಒಂದು ಕಾರಿನ ಆಕ್ಸಲ್ (ಎರಡು ಪಕ್ಕದ ಚಕ್ರಗಳನ್ನು ಜೋಡಿಸುವ ದಂಡ), ಸ್ಟೀರಿಂಗ್ ಎಲ್ಲ ತಿರುಗಿಸಿ ಜೋಡಿಸಿ, ಡೆಟ್ರಾಯಿಟ್ ಬೀದಿಗಳಲ್ಲಿ ಹಿಮ್ಮುಖವಾಗಿ ಓಡಿಸಿದರು. ದಾರಿಯಲ್ಲಿ ಹೋಗುವವರ ಜೀವ ಬಾಯಿಗೆ ಬಂದಿತ್ತಂತೆ. ಬರದೇ ಇರುತ್ತಾ? ಎದುರಿಗೆ ಬರುವ ಕಾರು ಬೆನ್ನು ತೋರಿಸಿಕೊಂಡು ಬಂದರೆ!

ಇಲ್ಲಿಯವರೆಗೂ ಎಲ್ಲರೂ ಹೇಳುವ ಕತೆ. ಗಾಳಿ, ವಿಮಾನ, ಮೀನು. ಕೇಳುವುದಕ್ಕೆ ಚೆನ್ನಾಗಿದೆ. ಕಂಪನಿಗೂ ಇದೇ ಚೆನ್ನಾಗಿ ಕಂಡಿತು. ಆದರೆ ಬ್ರೀರ್ ಮತ್ತು ಅವನ ಜೊತೆಯವರು ಅದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡುತ್ತಿದ್ದರು. ನನ್ನ ಮಟ್ಟಿಗೆ ಅದೇ ದೊಡ್ಡದು.

ಈ ಮೇಜಿನ ಮೇಲೆ ನೋಡಿ. ಒಂದು ಅಡಿಯ ಸ್ಕೇಲು ಇಟ್ಟಿದ್ದೇನೆ. ಕೆಳಗೆ ಎರಡು ಪೆನ್ಸಿಲ್. ಒಂದು ಎಡಗಡೆ ತುದಿಗೇ ಇದೆ. ಇನ್ನೊಂದು ಬಲತುದಿಯಿಂದ ಮೂರಿಂಚು ಒಳಗೆ. ಇವು ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್. ಈಗ ಮೂರು ನಾಣ್ಯ ಇಡುತ್ತೇನೆ. ಒಂದು ಎರಡು ಪೆನ್ಸಿಲ್ ನಡುವೆ, ಆರನೇ ಇಂಚಿನ ಮೇಲೆ. ಇನ್ನೊಂದು ಸರಿಯಾಗಿ ಹಿಂದಿನ ಪೆನ್ಸಿಲ್ ಮೇಲೆ. ಮೂರನೆಯದು ಬಲತುದಿಯಲ್ಲಿ. ಹಿಂದಿನ ಚಕ್ರಕ್ಕೆ ಹಂಪ್ ಬಂತು ಅಂತ ಆ ಪೆನ್ಸಿಲನ್ನು ಒಂದಿಂಚು ಎತ್ತಿದರೆ ಏನಾಗುತ್ತದೆ? ಪೆನ್ಸಿಲ್ ಮೇಲಿದ್ದ ನಾಣ್ಯ ಪೂರ್ತಿ ಒಂದಿಂಚು ಏರಿತು. ತುದಿಯಲ್ಲಿದ್ದದ್ದು ಒಂದೂಕಾಲು ಇಂಚಿಗಿಂತ ಜಾಸ್ತಿ ಏರಿ, ಇದೋ, ಕೆಳಗೇ ಬಿತ್ತು. ಅದು ನಿಮ್ಮ ಬಸ್ಸಿನ ಕೊನೆ ಸೀಟು. ನಡುವಿನ ನಾಣ್ಯ ಮುಕ್ಕಾಲು ಇಂಚೂ ಏರಲಿಲ್ಲ. ಸುಮ್ನೆ ಕೂತಿದೆ.

ಹಳೇ ಕಾರುಗಳಲ್ಲಿ ಹಿಂದಿನ ಸೀಟು ಸರಿಯಾಗಿ ಹಿಂದಿನ ಆಕ್ಸಲ್ ಮೇಲೇ ಇರುತ್ತಿತ್ತು. ಅದನ್ನು ಮುಂದಕ್ಕೆ ತರಬಹುದಿತ್ತಲ್ಲ ಅಂತೀರಿ. ಜಾಗ ಎಲ್ಲಿತ್ತು? ಇಂಜಿನ್ ಮುಂದಿನ ಆಕ್ಸಲ್‌ನ ಹಿಂದೆ ಇರುತ್ತಿತ್ತು. ಉದ್ದನೆಯ ಇಂಜಿನ್. ಅದರ ಹಿಂದೆ ಡ್ರೈವರ್. ಅವನ ಹಿಂದೆ ಉಳಿದದ್ದೇ ಯಜಮಾನರ ಜಾಗ. ಕುದುರೆ ಗಾಡಿಯ ಲೆಕ್ಕಾಚಾರವೇ ಇದು. ಕುದುರೆ ಹೋಗಿ ಇಂಜಿನ್ ಬಂತು, ಗಾಡಿ ಹಾಗೇ ಉಳಿಯಿತು. ಅದಕ್ಕೇ ಹೆಚ್ಚಿನ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುತ್ತಿತ್ತು. ಮುಂದಿನ ಸ್ಪ್ರಿಂಗು ಗಟ್ಟಿ, ಹಿಂದಿನದು ಮೆದು. ಮುಂದಿನದು ಬೇಗ ಬೇಗ ಕುಣಿಯುತ್ತದೆ, ಹಿಂದಿನದು ನಿಧಾನಕ್ಕೆ. ಎರಡೂ ತಾಳ ತಪ್ಪಿ ಕಾರು ತಲೆ ಆಡಿಸಿಕೊಂಡು ಹೋಗುತ್ತದೆ.

ಬ್ರೀರ್ ಮಾಡಿದ್ದು ಇಷ್ಟು. ಇಂಜಿನ್ ಎತ್ತಿ ಮುಂದಿನ ಆಕ್ಸಲ್ ಮೇಲೆ ಕೂರಿಸಿದ. ಅದರ ಹಿಂದೆ ಎಲ್ಲವೂ ಮುಂದಕ್ಕೆ ಸರಿಯಿತು. ಹಿಂದಿನ ಸೀಟು ಆಕ್ಸಲ್‌ಗಿಂತ ಒಂದೂವರೆ ಅಡಿಗೂ ಜಾಸ್ತಿ ಮುಂದೆ ಬಂತು. ಭಾರ ಈಗ ಮುಂದೆ ನೂರಕ್ಕೆ 54, ಹಿಂದೆ 46. ಜನ ಹತ್ತಿ ಕೂತರೆ ಹೆಚ್ಚೂಕಮ್ಮಿ ಸಮ. ಮುಂದಿನ ಸ್ಪ್ರಿಂಗನ್ನೂ ಉದ್ದ ಮಾಡಿ ಮೆದು ಮಾಡಬಹುದಾಯಿತು. ಕಾರಿನ ಏರಿಳಿತ ನಾವು ನಡೆಯುವಾಗ ಮೈ ಏರಿಳಿಯುವ ಲಯಕ್ಕೆ ಹತ್ತಿರ ಬಂತು. ಆ ಲಯಕ್ಕೆ ನಮ್ಮ ಮೈ ಹುಟ್ಟಿದಾಗಿನಿಂದ ಒಗ್ಗಿದೆ, ಅದರಿಂದ ಹೊಟ್ಟೆ ತೊಳಸುವುದಿಲ್ಲ.

ನಾನು ಡಿಪ್ಲೊಮಾ ಹುಡುಗರಿಗೆ ಆಟೊಮೊಬೈಲ್ ಪಾಠ ಮಾಡಿದವನು. ವರ್ಷ ವರ್ಷ ಈ ಸ್ಕೇಲು ಪೆನ್ಸಿಲ್ ಆಟ ಆಡಿಸುತ್ತಿದ್ದೆ. ನಾಣ್ಯ ಉರುಳಿ ಬಿದ್ದ ಕೂಡಲೇ ಹಿಂದಿನ ಬೆಂಚಿನ ಹುಡುಗರು ಖುಷಿಯಾಗುತ್ತಿದ್ದರು, "ನಾವೇ ಸಾರ್ ಅದು" ಅಂತ.

ಇನ್ನೊಂದು ಹೊಸತು ಅದರ ಮೈಕಟ್ಟು. ಆಗ ಹೆಚ್ಚಿನ ಕಾರುಗಳ ಮೈ ಅಂದರೆ ಒಳಗೆ ಮರದ ಚೌಕಟ್ಟು, ಮೇಲೆ ತಗಡು, ಅದನ್ನು ಕೆಳಗಿನ ಷಾಸಿಗೆ, ಅಂದರೆ ಚಕ್ರ ಇಂಜಿನ್ ಹೊರುವ ಅಡಿಚೌಕಟ್ಟಿಗೆ, ಬೋಲ್ಟ್ ಹಾಕಿ ಬಿಗಿಯುವುದು. ಏರ್‌ಫ್ಲೋದಲ್ಲಿ ಸೇತುವೆಗೆ ಕಟ್ಟಿದ ಹಾಗೆ ಉಕ್ಕಿನ ತೊಲೆಗಳ ಒಂದು ಪಂಜರ. ಜನ ಕೂರುವುದು ಆ ಪಂಜರದ ಒಳಗೆ. ಒಳಗೆ ಸೀಟುಗಳಿಗೆ ಮಿರಿಮಿರಿ ಕ್ರೋಮ್ ಕೊಳವೆಗಳ ಚೌಕಟ್ಟು, ಮುಂದಿನ ಸೀಟು ನಾಲ್ಕಡಿಗೂ ಜಾಸ್ತಿ ಅಗಲ. ಮೂವರು ಆರಾಮಾಗಿ ಕೂರಬಹುದು. ಕ್ರೈಸ್ಲರ್ ಹೆಸರಿನಲ್ಲಿ ಬಂದದ್ದಕ್ಕೆ ಎಂಟು ಸಿಲಿಂಡರಿನ 122 ಅಶ್ವಶಕ್ತಿಯ ಇಂಜಿನ್, ಬೆಲೆ 1,345 ಡಾಲರ್‌ನಿಂದ ಶುರು. ಅದೇ ಕಂಪನಿಯ ಡಿ ಸೋಟೊ ಹೆಸರಿನ ತಮ್ಮನಿಗೆ ಆರು ಸಿಲಿಂಡರ್, 995 ಡಾಲರ್. ಎಲ್ಲಕ್ಕಿಂತ ದೊಡ್ಡದು ಕಸ್ಟಮ್ ಇಂಪೀರಿಯಲ್. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆಯೇ ಹನ್ನೆರಡು ಅಡಿ ದಾಟಿದ ಅಂತರ! ಮುಂದಿನ ಗಾಜು ಒಂದೇ ತುಂಡು, ಬಾಗಿಸಿದ್ದು. ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಕಾರಿಗೆ ಹಾಗೆ ಹಾಕಿದ್ದು ಅದೇ ಮೊದಲು.

ಒಂದು ವಿಚಿತ್ರವನ್ನೂ ಹೇಳಬೇಕು. ಅದೇ 1934ರಲ್ಲಿ ಇದೇ ಕಂಪನಿಯ ಕಡಿಮೆ ಬೆಲೆಯ ಪ್ಲಿಮತ್ ಕಾರಿಗೆ ಮುಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಏರಿಳಿಯುವ ಹೊಸ ಸಸ್ಪೆನ್ಷನ್ ಬಂತು. ಏರ್‌ಫ್ಲೋಗೆ ಮಾತ್ರ ಮುಂದೆ ಹಳೇ ಕಾಲದ ಒಂದೇ ದಂಡದ ಆಕ್ಸಲ್, ಲೀಫ್ ಸ್ಪ್ರಿಂಗು. ಮನೆಗೆ ಹೊಸ ಮಾಳಿಗೆ ಕಟ್ಟಿ ಹಳೇ ಬಾಗಿಲನ್ನೇ ಇಟ್ಟ ಹಾಗೆ. ಆದರೂ ಆ ಕಾರು ಮೆತ್ತಗೆ ಹೋಗುತ್ತಿತ್ತು ಅಂದರೆ, ಸೀಟಿನ ಜಾಗ ಎಷ್ಟು ಕೆಲಸ ಮಾಡಿರಬೇಕು ಯೋಚಿಸಿ.

ಸರಿ, ಕಾರು ತಯಾರಾಯಿತಾ? ಇಲ್ಲ. ಅಲ್ಲೇ ಎಡವಿದ್ದು.

1932ರ ಕೊನೆಗೆ ಪರೀಕ್ಷೆಯ ಕಾರು ಸಿದ್ಧವಾಗಿತ್ತು. ಯಾರಿಗೂ ಸುಳಿವು ಸಿಗಬಾರದು ಅಂತ ಅದನ್ನು ಟ್ರೈಫನ್ ಸ್ಪೆಷಲ್ ಅಂತ ಬೇರೆ ಹೆಸರಿನಲ್ಲಿ ಓಡಿಸಿದರು. ಮಿಷಿಗನ್‌ನ ಗ್ರೇಲಿಂಗ್ ಹತ್ತಿರದ ಹಳ್ಳಿ ರಸ್ತೆಗಳಲ್ಲಿ ವಾಲ್ಟರ್ ಕ್ರೈಸ್ಲರ್ ತಾನೇ ಓಡಿಸಿ ನೋಡಿದ. ಮನಸೋತ. 1934ಕ್ಕೆ ಕ್ರೈಸ್ಲರ್ ಹೆಸರಿನ ಕಾರಿಗೆ ಹತ್ತು ವರ್ಷ ತುಂಬುತ್ತಿತ್ತು. ಆ ಹೊತ್ತಿಗೆ ಇದು ಬರಲೇಬೇಕು ಅಂತ ಹಟ ಹಿಡಿದ. ಕಾಲವೂ ಹೇಗಿತ್ತು ನೋಡಿ. ಆರ್ಥಿಕ ಕುಸಿತದ ನಡುಮಧ್ಯ. ಹಿಂದಿನ ವರ್ಷ ಅಮೆರಿಕದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಏನಾದರೂ ಹೊಸದು ಬೇಕು ಅಂತ ಎಲ್ಲರೂ ಕಾಯುತ್ತಿದ್ದರು. 1934ರಲ್ಲೇ ನುಣುಪು ಮೈಯ ಹೊಸ ರೈಲುಗಳು ಬಂದವು. ರೈಲಿನ ಪಕ್ಕ ಏರ್‌ಫ್ಲೋ ನಿಲ್ಲಿಸಿ ಫೋಟೋ ತೆಗೆಸಿದರು. ಎರಡೂ ಒಂದೇ ತಾಯಿ ಮಕ್ಕಳ ಹಾಗೆ ಕಾಣುತ್ತವೆ.

1934ರ ಜನವರಿ, ನ್ಯೂಯಾರ್ಕ್ ಕಾರು ಪ್ರದರ್ಶನ. ಜನ ಮುಗಿಬಿದ್ದರು. ಆರ್ಡರುಗಳೂ ಸಾವಿರಗಟ್ಟಲೆ ಬಂದವು. ಹಾಗಾದರೆ "ನೋಡಿದ ಕೂಡಲೇ ಜನ ಮೂಗು ಮುರಿದರು" ಅನ್ನುವ ಕತೆ ಎಲ್ಲಿ ಉಳಿಯಿತು? ಮೊದಲ ವಾರ ಜನ ಮೂಗು ಮುರಿದಿರಲಿಲ್ಲ. ದುಡ್ಡು ಹಿಡಿದು ನಿಂತಿದ್ದರು. ಕಾರೇ ಇರಲಿಲ್ಲ!

ಮೈಕಟ್ಟು ಹೊಸದು ಅಂದೆನಲ್ಲ. ಅದನ್ನು ಕಟ್ಟುವುದಕ್ಕೆ ವೆಲ್ಡಿಂಗ್ ವ್ಯವಸ್ಥೆಯೇ ಬೇರೆ ಬೇಕು. ಕಾರ್ಖಾನೆಯನ್ನು ಅದಕ್ಕೆ ಅಣಿ ಮಾಡುವುದರಲ್ಲಿ ತಿಂಗಳುಗಳು ಕಳೆದವು. ಜನವರಿ ಹೋಯಿತು, ಫೆಬ್ರವರಿ ಹೋಯಿತು. ಶೋರೂಮಿನಲ್ಲಿ ತೋರಿಸುವುದಕ್ಕೆ ಕಾರಿಲ್ಲ. ತಯಾರಿಕೆ ತುತ್ತತುದಿ ಮುಟ್ಟಿದ್ದು ಮೇ ತಿಂಗಳಲ್ಲಿ, ಆಗಲೂ 6,212 ಮಾತ್ರ. ಮದುವೆಗೆ ಕರೆದು ಊಟಕ್ಕೆ ನಾಲ್ಕು ತಿಂಗಳು ಕಾಯಿಸಿದರೆ ನೆಂಟರು ಏನು ಮಾತಾಡುತ್ತಾರೆ? "ಅಡುಗೆಯಲ್ಲಿ ಏನೋ ಎಡವಟ್ಟಾಗಿದೆಯಂತೆ." ಅದೇ ಆಯಿತು. ಕಾರಿನಲ್ಲಿ ದೋಷ ಇದೆಯಂತೆ ಅಂತ ಗುಸುಗುಸು ಶುರು. ಎದುರಾಳಿಗಳ ಜಾಹೀರಾತುಗಳೂ ಅದಕ್ಕೆ ಗಾಳಿ ಹಾಕಿದವು.

ಗುಸುಗುಸು ಪೂರ್ತಿ ಸುಳ್ಳಾಗಿದ್ದರೆ ಪರವಾಗಿರಲಿಲ್ಲ. ಅವಸರದಲ್ಲಿ ಕಟ್ಟಿದ ಮೊದಲ ಎರಡು ಮೂರು ಸಾವಿರ ಕಾರುಗಳಲ್ಲಿ ನಿಜವಾಗಿಯೂ ದೋಷ ಇತ್ತು. ಗಂಟೆಗೆ 80 ಮೈಲಿ, ಅಂದರೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಇಂಜಿನ್ ತನ್ನನ್ನು ಹಿಡಿದಿಟ್ಟ ಮೌಂಟಿಂಗ್‌ನಿಂದ ಕಿತ್ತುಬಂದ ಉದಾಹರಣೆಗಳಿವೆ. ಹೊಸ ಮಾದರಿ, ಹೊಸ ಆಕಾರ, ಹೊಸ ತಯಾರಿಕೆ, ಮೂರನ್ನೂ ಒಂದೇ ಸಲ ಮೈಮೇಲೆ ಹಾಕಿಕೊಂಡರು. ಇಂಜಿನಿಯರ್‌ಗಳ ಮಾತು ನಡೆಯುವ ಕಂಪನಿಯ ಕಷ್ಟ ಅಂದೆನಲ್ಲ, ಇದೇ. ಚಿತ್ರದಲ್ಲಿ ಸರಿ ಇದ್ದದ್ದು ಕಾರ್ಖಾನೆಯಲ್ಲೂ ಸರಿ ಇರುತ್ತದೆ ಅಂತ ನಂಬಿಬಿಡುವುದು.

ಆಮೇಲೆ ಜನ ಮುಖ ನೋಡುವುದಕ್ಕೆ ಶುರು ಮಾಡಿದರು.

ಮುಖ ಅಂದರೆ ಕಾರಿನ ಮುಖ. ಅಲ್ಲಿಯವರೆಗೆ ಒಳ್ಳೇ ಕಾರು ಅಂದರೆ ಉದ್ದನೆಯ ಬಾನೆಟ್, ದೇವಸ್ಥಾನದ ಬಾಗಿಲ ಹಾಗೆ ನೆಟ್ಟಗೆ ನಿಂತ ರೇಡಿಯೇಟರ್, ಎರಡು ಪಕ್ಕ ದೀಪದ ಕಂಬದ ಹಾಗೆ ಹೆಡ್‌ಲೈಟು. ಬಾನೆಟ್ ಉದ್ದ ಇದ್ದಷ್ಟೂ ಯಜಮಾನ ಸ್ಥಿತಿವಂತ ಅಂತ ಲೆಕ್ಕ. ಏರ್‌ಫ್ಲೋದಲ್ಲಿ ಬಾನೆಟ್ ಮೊಂಡು. ಇಂಜಿನ್ ಮುಂದಕ್ಕೆ ಹೋಗಿದೆಯಲ್ಲ, ಅದರಿಂದ. ಮೂಗು ಕೆಳಕ್ಕೆ ಇಳಿದು ಜಲಪಾತದ ಹಾಗೆ ಸುರಿಯುವ ಗ್ರಿಲ್. ಹೆಡ್‌ಲೈಟುಗಳು ಮೈಯೊಳಗೇ ಸೇರಿಹೋಗಿವೆ. ನನಗೆ ಅದು ಬಾಗಿ ಏನೋ ಹುಡುಕುತ್ತಿರುವ ಬೋಳುತಲೆಯ ತಾತನ ಹಾಗೆ ಕಾಣುತ್ತದೆ. ಪಕ್ಕದಿಂದ ನೋಡಿದರೆ, ಅದರಲ್ಲೂ ಎರಡು ಬಾಗಿಲಿನ ಕೂಪೆಯನ್ನು ನೋಡಿದರೆ, ಬೆನ್ನಿನ ಇಳಿಜಾರು ತುಂಬಾ ಚೆಂದ. ಮುಂದಿನಿಂದ ಮಾತ್ರ ಇಲ್ಲ. ಫೋಟೋ ಕೈಯಿಂದ ಕೈಗೆ ಹೋಗಲಿ, ನೀವೇ ಹೇಳಿ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ಏರ್‌ಫ್ಲೋ, ಅಂದರೆ ಗಾಳಿಯ ಹರಿವು. ಆ ಹೆಸರು ಕೇಳಿದವನು ಏನು ನೋಡುತ್ತಾನೆ? ಆಕಾರ ನೋಡುತ್ತಾನೆ. ಆಗ ಅಮೆರಿಕದ ಹೆಚ್ಚಿನ ರಸ್ತೆಗಳಲ್ಲಿ ಸಾಮಾನ್ಯ ಜನ ಹೋಗುವ ವೇಗಕ್ಕೆ ಗಾಳಿಯ ಲಾಭ ಅಷ್ಟಕ್ಕಷ್ಟೇ. ಕೊಂಡವನಿಗೆ ದಿನಾ ಸಿಗುವ ಲಾಭ ಇದ್ದದ್ದು ಹಿಂದಿನ ಸೀಟಿನಲ್ಲಿ. ಅದು ಶೋರೂಮಿನ ಕಿಟಕಿಯಿಂದ ಕಾಣುವುದಿಲ್ಲ. ಹತ್ತಿ ಕೂತು, ಕೆಟ್ಟ ರಸ್ತೆಯಲ್ಲಿ ಹತ್ತು ಮೈಲಿ ಹೋದರೆ ಗೊತ್ತಾಗುತ್ತದೆ. ಜಾಹೀರಾತುಗಳಲ್ಲಿ ಸವಾರಿಯ ಸುಖದ ಬಗ್ಗೆ ಬರೆದಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಹೆಸರು ಗಾಳಿಯದು, ಸಾಹಸಗಳೆಲ್ಲ ಗಾಳಿಯವು ಅಥವಾ ಗಟ್ಟಿತನದವು. 1934ರ ಆಗಸ್ಟಿನಲ್ಲಿ ಯೂಟಾದ ಬೋನ್‌ವಿಲ್ ಉಪ್ಪಿನ ಬಯಲಿನಲ್ಲಿ ಹ್ಯಾರಿ ಹಾರ್ಟ್ಸ್ ಅನ್ನುವ ರೇಸ್ ಡ್ರೈವರ್ ಏರ್‌ಫ್ಲೋ ಕೂಪೆಯನ್ನು ಗಂಟೆಗೆ 95.7 ಮೈಲಿ ವೇಗಕ್ಕೆ ತಂದ. 72 ದಾಖಲೆ ಮುರಿದರು. ಅದೇ ಹಾರ್ಟ್ಸ್ ಡಿ ಸೋಟೊ ಏರ್‌ಫ್ಲೋದಲ್ಲಿ ಖಂಡದ ಈ ಕಡೆಯಿಂದ ಆ ಕಡೆಗೆ ಹೋದ, ಗ್ಯಾಲನ್‌ಗೆ 21 ಮೈಲಿ ಕೊಟ್ಟಿತು ಅಂತ ಪ್ರಚಾರ ಮಾಡಿದರು.

ಇನ್ನೊಂದನ್ನು ಕೇಳಿ. ಪೆನ್ಸಿಲ್ವೇನಿಯಾದಲ್ಲಿ 110 ಅಡಿಯ ಒಂದು ಬಂಡೆ ಅಂಚಿನಿಂದ ಖಾಲಿ ಏರ್‌ಫ್ಲೋ ಒಂದನ್ನು ತಳ್ಳಿಯೇಬಿಟ್ಟರು. ಅದು ಪಲ್ಟಿ ಹೊಡೆದುಕೊಂಡು ಕೆಳಗೆ ಹೋಗಿ ಬಿತ್ತು. ಎತ್ತಿ ನಿಲ್ಲಿಸಿದರು. ಒಬ್ಬ ಹತ್ತಿ ಕೂತ, ಸ್ಟಾರ್ಟ್ ಮಾಡಿದ, ಓಡಿಸಿಕೊಂಡು ಹೋದ. ಮೈಯೆಲ್ಲ ಜಜ್ಜಿಹೋಗಿದೆ, ಪಂಜರ ಮಾತ್ರ ಹಾಗೇ ಇದೆ. ಚಿತ್ರಮಂದಿರಗಳಲ್ಲಿ ಇದನ್ನು ತೋರಿಸಿದರು. ಜನ ಬಾಯಿ ಬಿಟ್ಟುಕೊಂಡು ನೋಡಿದರು. ನೋಡಿ, ಎದ್ದು, ಹೋಗಿ ಬೇರೆ ಕಾರು ಕೊಂಡರು. ಬಂಡೆಯಿಂದ ಬೀಳುವ ಯೋಚನೆ ಯಾರಿಗೂ ಇರಲಿಲ್ಲವಲ್ಲ.

ಮಾರಾಟದ ಲೆಕ್ಕ ಬೇಗ ಹೇಳಿಬಿಡುತ್ತೇನೆ, ಅದರಲ್ಲಿ ಖುಷಿ ಪಡುವಂಥದ್ದೇನೂ ಇಲ್ಲ. 1934ರಲ್ಲಿ ಕ್ರೈಸ್ಲರ್ ಅಂಗಡಿಯಲ್ಲಿ ಹಳೇ ಆಕಾರದ ಆರು ಸಿಲಿಂಡರಿನ ಕಾರೂ ಇತ್ತು. ಒಂದು ಏರ್‌ಫ್ಲೋ ಮಾರಿದರೆ ಆ ಕಾರು ಎರಡೂವರೆ ಮಾರಿತು. ಡಿ ಸೋಟೊ ಗತಿ ಇನ್ನೂ ಕಷ್ಟ. ಅವರಿಗೆ ಏರ್‌ಫ್ಲೋ ಬಿಟ್ಟರೆ ಬೇರೆ ಕಾರೇ ಕೊಟ್ಟಿರಲಿಲ್ಲ. ಆ ವರ್ಷ 13,940, ಮರುವರ್ಷ 6,797, ಅದರ ಮರುವರ್ಷ 5,000, ಅಲ್ಲಿಗೆ ಡಿ ಸೋಟೊ ಏರ್‌ಫ್ಲೋ ಮುಗಿಯಿತು. 1935ಕ್ಕೆ ಕಂಪನಿ ಗಾಬರಿಯಾಗಿ ಏರ್‌ಸ್ಟ್ರೀಮ್ ಅಂತ ಸಾಧಾರಣ ಮುಖದ ಕಾರು ಬಿಟ್ಟಿತು. ಹೆಸರಿನಲ್ಲಿ ಆಗಲೂ ಗಾಳಿ ಬಿಡಲಿಲ್ಲ ನೋಡಿ! ಅದು ಚೆನ್ನಾಗಿ ಮಾರಿತು. ಏರ್‌ಫ್ಲೋಗೆ ರೇ ಡೀಟ್ರಿಕ್ ಅನ್ನುವ ವಿನ್ಯಾಸಕಾರನ ಕೈಯಲ್ಲಿ ಸ್ವಲ್ಪ ಚೂಪಾದ ಮೂಗು ಕೂರಿಸಿದರು. ಮರುವರ್ಷ ಇನ್ನೊಂದು ಮೂಗು. ಅದರ ಮರುವರ್ಷ ಮತ್ತೊಂದು. 1937ರಲ್ಲಿ ಕ್ರೈಸ್ಲರ್ ಏರ್‌ಫ್ಲೋ 4,600 ಮಾರಿತು, ಅದೇ ಕೊನೆ.

ಮೂಗೇ ಮುಖ್ಯ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ 1936ರ ಲಿಂಕನ್ ಝೆಫರ್ ನೋಡಿ. ಅದೂ ನುಣುಪು ಮೈಯದೇ, ಅದರ ಹೆಸರೂ ತಂಗಾಳಿಯೇ. ಆದರೆ ಫೋರ್ಡ್‌ನವರು ಮುಂದೆ ದೋಣಿಯ ಮೂತಿಯ ಹಾಗೆ ಒಂದು ಚೂಪು ಮುಖ ಇಟ್ಟರು. ಮೊದಲ ವರ್ಷವೇ ಸುಮಾರು 15 ಸಾವಿರ ಮಾರಿತು. ನುಣುಪು ಆಕಾರ ಬೇಡ ಅಂತ ಜನ ಹೇಳಿರಲಿಲ್ಲ, ಅಲ್ವಾ?

ಈ ಪೆಟ್ಟಿನಿಂದ ಕ್ರೈಸ್ಲರ್ ಕಂಪನಿ ಮುಳುಗಲಿಲ್ಲ. ಪ್ಲಿಮತ್ ಕಾರು ದುಡ್ಡು ತರುತ್ತಿತ್ತು. ಅದಕ್ಕೂ ಏರ್‌ಫ್ಲೋ ಮೈ ಹಾಕುವ ಯೋಚನೆ ಕೈಬಿಟ್ಟದ್ದೇ ಅವರ ಪುಣ್ಯ. ಆದರೆ ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. 1935ರಲ್ಲಿ ಕೆ. ಟಿ. ಕೆಲ್ಲರ್ ಕಂಪನಿಯ ಅಧ್ಯಕ್ಷರಾದರು. ಮುಂದೆ ಹದಿನೈದು ಇಪ್ಪತ್ತು ವರ್ಷ ಆ ಕಂಪನಿಯ ಕಾರುಗಳು ಪೆಟ್ಟಿಗೆ ಹಾಗೆ ನೆಟ್ಟಗೇ ಇದ್ದವು, ಟೋಪಿ ಹಾಕಿಕೊಂಡೇ ಒಳಗೆ ಕೂರುವಷ್ಟು ಎತ್ತರಕ್ಕೆ. ಬೇರೆಯವರು ಉದ್ದಕ್ಕೆ, ತಗ್ಗಿಗೆ ಹೋದರು. ಕ್ರೈಸ್ಲರ್‌ಗೆ ಮತ್ತೆ ಧೈರ್ಯ ಬಂದದ್ದು 1955ರ ಹೊತ್ತಿಗೆ.

ನಮ್ಮ ಕಡೆಗೂ ಒಂದು ಎಳೆ ಬರುತ್ತದೆ. 1935ರಲ್ಲಿ, ಅಂದರೆ ಏರ್‌ಫ್ಲೋಗೆ ಮೂಗು ಬದಲಿಸುತ್ತಿದ್ದ ವರ್ಷವೇ, ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಕಾರು ಕಾರ್ಖಾನೆ ಕಟ್ಟುವ ಯೋಜನೆ ಇಟ್ಟುಕೊಂಡು ಯುರೋಪ್, ಅಮೆರಿಕ ಸುತ್ತಿ ಬಂದರು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಆಮೇಲೆ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರು ಮಾಡಿದಾಗ ಕೈಜೋಡಿಸಿದ್ದು ಇದೇ ಕ್ರೈಸ್ಲರ್. ಡಾಡ್ಜ್, ಫಾರ್ಗೊ, ಡಿ ಸೋಟೊ ಹೆಸರಿನ ಲಾರಿಗಳನ್ನು ನಮ್ಮ ರಸ್ತೆಗಳಲ್ಲಿ ಕಂಡ ಹಿರಿಯರು ಇಲ್ಲೂ ಇದ್ದೀರಿ. ಮೂತಿ ಮುಂದೆ ಮಾಡಿಕೊಂಡು ಗುಡುಗುತ್ತಾ ಬರುತ್ತಿದ್ದವು. ಏರ್‌ಫ್ಲೋ ವಂಶದವು ಅಂತ ಯಾರೂ ನಂಬುತ್ತಿರಲಿಲ್ಲ.

ನಿಜವಾದ ವಂಶ ಬೇರೆ ಕಡೆ ಬೆಳೆಯಿತು. ಸ್ವೀಡನ್ನಿನ ವೋಲ್ವೊ 1935ರಲ್ಲಿ ಇದೇ ಮುಖದ ಪಿವಿ36 ಅಂತ 500 ಕಾರು ಮಾಡಿತು. ಜಪಾನಿನಲ್ಲಿ ಮಗ್ಗ ಮಾಡುತ್ತಿದ್ದ ಕಂಪನಿಯೊಂದು ಕಾರು ಮಾಡಲು ಹೊರಟಿತ್ತು. ಯಜಮಾನರ ಮಗ ಕಿಯಿಚಿರೊ ಟೊಯೊಡಾ. ಇಂಜಿನ್‌ಗೆ ಷೆವರ್ಲೆ ನೋಡಿದರು, ಮೈಗೆ ಯಾವುದು ಅಂತ ಹುಡುಕಿದಾಗ ಸಿಕ್ಕಿದ್ದು ಡಿ ಸೋಟೊ ಏರ್‌ಫ್ಲೋ. ತರಿಸಿ ಬಿಚ್ಚಿದರು. ಲೋಕೋಮೊಬೈಲ್ ಬಿಚ್ಚಿ ಕಲಿತವನ ಕಾರನ್ನು ಇನ್ನೊಬ್ಬರು ಬಿಚ್ಚಿ ಕಲಿತರು. 1936ರಲ್ಲಿ ಬಂದ ಟೊಯೊಡಾ ಎಎ ಕಾರಿನ ಚಿತ್ರ ಏರ್‌ಫ್ಲೋ ಪಕ್ಕ ಇಟ್ಟು ನೋಡಿ, ಚಿಕ್ಕಪ್ಪನ ಮಗ ಅನ್ನುತ್ತೀರಿ. ಅದೇ ಇವತ್ತಿನ ಟೊಯೋಟಾದ ಮೊದಲ ಕಾರು.

ಸೀಟಿನ ವಿಷಯವಂತೂ ಹೇಳುವುದೇ ಬೇಡ. ಹೊರಗೆ ನಿಮ್ಮ ಕಾರುಗಳು ನಿಂತಿವೆಯಲ್ಲ, ಹೋಗುವಾಗ ಒಮ್ಮೆ ನೋಡಿ. ಹಿಂದಿನ ಸೀಟು ಹಿಂದಿನ ಚಕ್ರಕ್ಕಿಂತ ಮುಂದೆಯೇ ಇರುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ ಅಂದೆ. ಮೊದಲು ಎದ್ದವರು ಮೂರನೇ ಸಾಲಿನಲ್ಲಿದ್ದ ಒಬ್ಬ ತಾಯಿ. ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿದ್ದರು.

"ಎಲ್ಲಾ ಸರಿ ಸಾರ್, ಇದಕ್ಕೆ ಡಿಕ್ಕಿ ಎಲ್ಲಿದೆ?"

ಹೊರಗಿನಿಂದ ತೆಗೆಯುವ ಡಿಕ್ಕಿ ಇಲ್ಲಮ್ಮ ಅಂದೆ. 1934ರ ಕಾರಿನಲ್ಲಿ ಸಾಮಾನು ಇಡಬೇಕಾದರೆ ಬಾಗಿಲು ತೆಗೆದು ಒಳಗೆ ಹೋಗಬೇಕು. ಹಿಂದಿನ ಸೀಟಿನ ಒರಗನ್ನು ಮುಂದಕ್ಕೆ ಬಗ್ಗಿಸಬೇಕು. ಅದರ ಹಿಂದೆ ಜಾಗ. ಹಿಂದಿನಿಂದ ತೆಗೆಯುವ ಡಿಕ್ಕಿ ಬಂದದ್ದು 1936ಕ್ಕೆ.

"ಅಂದ್ರೆ ಊರಿಗೆ ಹೋಗಿ ಇಳಿದ ಮೇಲೆ ಅಕ್ಕಿ ಮೂಟೆ ತೆಗೀಬೇಕಾದ್ರೆ ಮತ್ತೆ ಒಳಗೆ ಹೋಗ್ಬೇಕು?"

ಹೌದು ಅಂದೆ.

ಅವರು ಫೋಟೋ ಪಕ್ಕದವರ ಕೈಗೆ ಕೊಟ್ಟರು. "ಎರಡು ವರ್ಷ ಯಾಕೆ ಬೇಕಿತ್ತು ಸಾರ್, ಮನೇಲಿ ಹೆಂಗಸರನ್ನ ಕೇಳಿದ್ರೆ ಮೊದಲ ದಿನಾನೇ ಹೇಳ್ತಿದ್ರು."